ಬ್ರಾಕೆಟ್ಟಿನ ಕೆಳಗಿನ ಬಣ್ಣ

ಎದುರಂಗಡಿಯ ಉಸ್ತಾದರ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಹದಿನಾಲ್ಕು ವರ್ಷ ಇತ್ತು. ಇದನ್ನು ಮೊದಲೇ ಬರೆದು ಮುಗಿಸಿದರೆ ಮುಂದಿನದನ್ನು ಕ್ರಮವಾಗಿ ಹೇಳಲು ಅನುಕೂಲ.

ಈ ವರ್ಷ ಯುಗಾದಿ ಕಳೆದ ಮರುವಾರ ಅವರು ಅಂಗಡಿ ಬಿಟ್ಟುಕೊಟ್ಟು ರಾಯಚೂರಿನ ಮಗಳ ಮನೆಗೆ ಹೊರಟುಹೋದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೆಂಪು ತಂತಿ ಯಾವುದು, ಕಂದು ತಂತಿ ಯಾವುದು ಎಂದು ಪಕ್ಕದವರನ್ನು ಕೇಳುವಂತಾಗಿತ್ತು. ಗಲ್ಲಿಯವರೆಲ್ಲ ಹಾರ ಹಾಕಿ, ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನೊಳಗೂ ಹೋಗಿ, ಅವರ ಟ್ರಂಕನ್ನು ಸೀಟಿನ ಕೆಳಗೆ ತಳ್ಳಿ ಬಂದರು. ನಾನು ಹೋಗಲಿಲ್ಲ. ಅಂದು ಬೆಳಿಗ್ಗೆ ಒಂದು ಕಾರನ್ನು ಹತ್ತು ಗಂಟೆಗೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಅದು ಕಾರಣವೂ ಹೌದು, ನೆಪವೂ ಹೌದು.

ಅವರು ಹೋದ ಮೇಲೂ ಜನ ಬರುವುದು ನಿಂತಿಲ್ಲ. ಮುಚ್ಚಿದ ಶಟರಿನ ಮುಂದೆ ಗಾಡಿ ನಿಲ್ಲಿಸಿ ಹಾರನ್ ಹೊಡೆಯುತ್ತಾರೆ. ಆಮೇಲೆ ಇತ್ತ ತಿರುಗಿ ‘ಉಸ್ತಾದ್ ಎಲ್ಲಿ?’ ಎನ್ನುತ್ತಾರೆ. ಊರಿಗೆ ಹೋದರು ಎಂದರೆ ಮುಖ ಸಣ್ಣದಾಗುತ್ತದೆ. ‘ಹಾಗಾದರೆ ನೀವೇ ನೋಡಿ’ ಎನ್ನುತ್ತಾರೆ. ಆ ‘ಹಾಗಾದರೆ’ಯನ್ನು ನುಂಗಿಕೊಂಡು ನಾನು ಬಾನೆಟ್ ಎತ್ತುತ್ತೇನೆ.

ನಮ್ಮಿಬ್ಬರ ಅಂಗಡಿ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಎದುರುಬದುರು. ಕೆಲಸವೂ ಒಂದೇ, ಗಾಡಿಗಳ ಎಲೆಕ್ಟ್ರಿಕ್ ರಿಪೇರಿ. ಅದರಲ್ಲೂ ಕಂಪನಿ ಕೊಟ್ಟ ಲೈಟು ಸಾಲದೆಂದು ಜನ ಆಮೇಲೆ ಹೊರಗಿನಿಂದ ಹಾಕಿಸಿಕೊಂಡ ಲೈಟುಗಳದ್ದು. ಮುಂದೆ ಮಂಜಿನ ದೀಪ, ಛಾವಣಿಯ ಮೇಲೆ ಎಲ್‌ಇಡಿ ಪಟ್ಟಿ, ನಂಬರ್ ಪ್ಲೇಟಿನ ಸುತ್ತ ನೀಲಿ ಮಿಣುಕು. ಹಾಕಿಸಿದ ತಿಂಗಳೊಳಗೆ ಫ್ಯೂಸ್ ಹಾರುತ್ತದೆ, ಬ್ಯಾಟರಿ ಇಳಿಯುತ್ತದೆ, ಬ್ರೇಕ್ ತುಳಿದರೆ ರೇಡಿಯೋ ಗೊರಗುಟ್ಟುತ್ತದೆ. ಆಗ ನಮ್ಮ ಗಲ್ಲಿ ನೆನಪಾಗುತ್ತದೆ.

ನಾನು ಭಾಲ್ಕಿ ಕಡೆಯವನು. ಸೈನ್ಯದ ವಾಹನ ವರ್ಕ್‌ಶಾಪಿನಲ್ಲಿ ಇಪ್ಪತ್ನಾಲ್ಕು ವರ್ಷ ದುಡಿದು, ಸಿಕಂದರಾಬಾದಿನಲ್ಲಿ ಹವಾಲ್ದಾರನಾಗಿ ನಿವೃತ್ತನಾದೆ. ಕೆಲವು ವರ್ಷ ಒಂದು ಕಾರ್ಖಾನೆಯ ಗ್ಯಾರೇಜಿನಲ್ಲಿದ್ದು ಆಮೇಲೆ ಈ ಅಂಗಡಿ ತೆರೆದೆ. ಬೆಳಿಗ್ಗೆ ಎಂಟೂವರೆಗೆ ಶಟರ್ ಎತ್ತುತ್ತೇನೆ, ಒಂದಕ್ಕೆ ಊಟ, ಆರಕ್ಕೆ ಶಟರ್ ಇಳಿಸುತ್ತೇನೆ. ಗೋಡೆಯ ಹಲಗೆಯ ಮೇಲೆ ಪ್ರತಿ ಹತಾರದ ಆಕಾರ ಬರೆದಿದ್ದೇನೆ; ಯಾವುದು ಜಾಗದಲ್ಲಿಲ್ಲ ಎಂಬುದು ಬಾಗಿಲಲ್ಲೇ ಗೊತ್ತಾಗುತ್ತದೆ. ನಾನು ಅಂಗಡಿ ತೆರೆದ ಮೂರನೆಯ ತಿಂಗಳು ಅವರು ಎದುರಿನ ಶಟರ್ ಎತ್ತಿದರು. ಬೆಳಿಗ್ಗೆ ಹತ್ತೂವರೆಗೆ ಎತ್ತಿದರು. ಅವರ ಬಗ್ಗೆ ನನ್ನ ಮೊದಲ ತೀರ್ಮಾನ ಅಲ್ಲೇ ಆಯಿತು.

ಹಳೆಯ ಬ್ಯಾಟರಿ ಡಬ್ಬಿಯ ಮೇಲೆ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದರು. ಸ್ಕ್ರೂಗಳನ್ನು ಚಹಾದ ಗ್ಲಾಸಿನಲ್ಲಿ ಹಾಕುತ್ತಿದ್ದರು. ಒಮ್ಮೆ ಅದೇ ಗ್ಲಾಸಿಗೆ ಚಹಾ ಹಾಕಿಸಿಕೊಂಡು ಅರ್ಧ ಕುಡಿದ ಮೇಲೆ ‘ಇದರಾಗ ಏನೋ ಐತಲ್ರಿ’ ಎಂದರು. ತಂತಿ ಹಿಡಿಯುವ ಪಕ್ಕಡ ಕಳೆದುಹೋಯಿತೆಂದು ಗಲ್ಲಿಯೆಲ್ಲ ಹುಡುಕಿಸಿ, ಕೊನೆಗೆ ಎದ್ದು ನಿಂತಾಗ ಅದು ಅವರ ಕೆಳಗೇ ಇರುತ್ತಿತ್ತು. ತಂತಿಯ ಮೇಲಿನ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಸುಲಿಯುತ್ತಿದ್ದರು. ಸುಲಿದು ಸುಲಿದು ಮುಂದಿನ ಹಲ್ಲಿನಲ್ಲಿ ಸರಿಯಾಗಿ ತಂತಿಯಷ್ಟೇ ಅಗಲದ ಒಂದು ಸಂದು ಬಿದ್ದಿತ್ತು. ನಗುವಾಗ ಮೊದಲು ಕಾಣುತ್ತಿದ್ದುದು ಅದೇ. ಅವರು ತುಂಬ ನಗುತ್ತಿದ್ದರು.

ಇಡೀ ಗಲ್ಲಿಗೆ ಅವರು ಉಸ್ತಾದ್. ನನ್ನ ಸರ್ಟಿಫಿಕೇಟುಗಳು ಫ್ರೇಮಿನೊಳಗೆ ಗೋಡೆಯ ಮೇಲಿವೆ. ನಾನು ಹವಾಲ್ದಾರ್ ಸಾಬ್. ನನ್ನದು ನಾನು ಬಿಟ್ಟುಬಂದ ಹುದ್ದೆಯ ಹೆಸರು, ಅವರದು ಜನ ಕೊಟ್ಟದ್ದು. ಈ ವ್ಯತ್ಯಾಸ ದಿನಕ್ಕೆ ಹತ್ತು ಸಲ ನನ್ನ ಕಿವಿಗೆ ಬೀಳುತ್ತಿತ್ತು.

ಅವರ ಬಳಿ ಮೀಟರ್ ಇರಲಿಲ್ಲ. ಒಂದು ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ತಂತಿ ಬೆಸೆದುಕೊಂಡಿದ್ದರು, ಅಷ್ಟೇ. ಒಂದು ತುದಿ ಗಾಡಿಯ ಮೈಗೆ, ಇನ್ನೊಂದು ತುದಿ ಅನುಮಾನದ ಜಾಗಕ್ಕೆ. ಬಲ್ಬು ಎಷ್ಟು ಉರಿಯಿತು, ಯಾವ ಬಣ್ಣಕ್ಕೆ ಉರಿಯಿತು ಎಂದು ನೋಡುತ್ತಿದ್ದರು. ಹಗಲಲ್ಲಿ ಆ ಸಣ್ಣ ಬೆಳಕು ಕಾಣುವುದಿಲ್ಲವಲ್ಲ, ಅದಕ್ಕೆ ಒಂದು ಕಪ್ಪು ಕಂಬಳಿ ಇಟ್ಟುಕೊಂಡಿದ್ದರು. ಮಟಮಟ ಮಧ್ಯಾಹ್ನ ಬಾನೆಟ್ಟಿನ ಮೇಲೂ ತಮ್ಮ ಮೇಲೂ ಅದನ್ನು ಹೊದ್ದುಕೊಂಡು, ಹಳೆಯ ಕಾಲದ ಫೋಟೋದವರ ಹಾಗೆ ಒಳಗೆ ನುಗ್ಗುತ್ತಿದ್ದರು. ಹೊರಗೆ ಕಾಲು ಮಾತ್ರ. ಹೈದರಾಬಾದಿನ ಮೇ ತಿಂಗಳಲ್ಲಿ, ಬಿಸಿ ಎಂಜಿನ್ನಿನ ಮೇಲೆ, ಕಂಬಳಿಯೊಳಗೆ. ಜನ ಸುತ್ತ ನಿಂತು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬರುತ್ತಿತ್ತು: ‘ಸಿಕ್ಕಾ ನೋಡ್ರಿ ಮಗ!’

ನಾನು ಮೀಟರ್ ಹಿಡಿದು ಹನ್ನೆರಡು ವೋಲ್ಟ್ ಎಂದು ಸರಿಯಾಗಿ ಓದಿ ಹೇಳಿದರೆ ಯಾರೂ ಸುತ್ತ ನಿಲ್ಲುತ್ತಿರಲಿಲ್ಲ.

ಒಮ್ಮೆ ಮಂಗಳೂರಿನ ಕಡೆಯ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ ಬಂದ. ನನ್ನ ಬೋರ್ಡಿನ ಮೇಲೆ ಒಂದು ಸಾಲು ಕನ್ನಡವಿದೆ, ಅದನ್ನು ಓದಿ ನನ್ನಲ್ಲಿಗೇ ಬಂದ. ಕಾರಿನ ಇಂಡಿಕೇಟರಿಗೆ ಎಲ್‌ಇಡಿ ಹಾಕಿಸಿದ್ದ. ಹಾಕಿದ ದಿನದಿಂದ ಅದು ಓಡಿ ಬಂದವರ ಉಸಿರಿನ ಹಾಗೆ ಪಟಪಟ ಮಿಟುಕುತ್ತಿತ್ತು.

‘ಎಂತ ಸಾರ್ ಇದು, ಹಿಂದಿನವರು ಎಲ್ಲ ನನಗೇ ಹಾರನ್ ಹೊಡೀತಾರೆ,’ ಎಂದ.

ನಾನು ಪಾಠದ ಪ್ರಕಾರ ನಡೆದೆ. ಇಂಡಿಕೇಟರನ್ನು ಮಿಟುಕಿಸುವ ಫ್ಲಾಶರ್ ಬದಲಿಸಿದೆ, ಸ್ವಿಚ್ ಬಿಚ್ಚಿ ತೊಳೆದೆ, ಎರಡನೆಯ ಕಂಪನಿಯ ಫ್ಲಾಶರ್ ಹಾಕಿದೆ. ಎರಡು ದಿನ ಹೋಯಿತು. ಮೂರನೆಯ ದಿನ ಅವನು ಚಹಾ ಕುಡಿಯುತ್ತ ಎದುರು ದಡಕ್ಕೆ ದಾಟಿದ.

‘ಕುಂದರ್ರಿ,’ ಎಂದರು ಅವರು. ‘ಡಾಕ್ಟರ್ ಮುಂದ ಕುಂತಂಗ ಕುಂತು ಖರೆ ಹೇಳ್ರಿ. ಏನೇನು ಹಾಕಸೀರಿ, ಯಾರ ಕೈಲೆ ಹಾಕಸೀರಿ?’

‘ಇಂಡಿಕೇಟರ್ ಮಾತ್ರ ಮಾರಾಯ್ರೇ. ಆನ್‌ಲೈನ್‌ನಲ್ಲಿ ತರಿಸಿ ನಾನೇ ಹಾಕಿದ್ದು.’

‘ಹಳೇ ಬಲ್ಬ್ ಎಲ್ಲಿ?’

‘ಡಿಕ್ಕಿಯಲ್ಲಿ ಉಂಟು.’

ಅವರು ಆ ಹಳೆಯ ಬಲ್ಬುಗಳನ್ನೇ ತೆಗೆದು ಬಂಪರಿನ ಹಿಂದೆ, ಯಾರಿಗೂ ಕಾಣದ ಕಡೆ, ಹೊಸದರ ಜೊತೆಗೆ ಜೋಡಿಸಿಬಿಟ್ಟರು. ಎಲ್‌ಇಡಿ ಕರೆಂಟ್ ಕಡಿಮೆ ಎಳೆಯುತ್ತದೆ. ಬಲ್ಬು ಸುಟ್ಟಿದೆಯೆಂದು ತಿಳಿದು ಫ್ಲಾಶರ್ ಅವಸರ ಮಾಡುತ್ತದೆ. ಹಳೆಯ ಬಲ್ಬು ಒಳಗೆ ಉರಿದರೆ ಅದಕ್ಕೆ ಸಮಾಧಾನ. ಹತ್ತು ನಿಮಿಷದ ಕೆಲಸ. ಇಂಡಿಕೇಟರ್ ಟಿಕ್, ಟಿಕ್ ಎಂದು ನಡೆಯತೊಡಗಿತು.

‘ಅಲ್ರೀ, ಯಾರೂ ನೋಡದ ಬಲ್ಬ್ ಉರಿಸೋದು ಯಾವ ಪದ್ಧತಿ?’ ಎಂದು ನಾನು ನನ್ನ ಮೆಟ್ಟಿಲ ಮೇಲಿಂದಲೇ ಕೇಳಿದೆ.

‘ಫ್ಲಾಶರ್ ನೋಡ್ತೈತಲ್ರಿ ಸಾಬ್ರ, ಸಾಕು,’ ಎಂದು ಹಲ್ಲಿನ ಸಂದು ತೋರಿಸಿ ನಕ್ಕರು. ಆ ಹುಡುಗ ನನಗೂ ಧನ್ಯವಾದ ಹೇಳಿ ಹೋದ. ಹೇಳದಿದ್ದರೇ ಚೆನ್ನಾಗಿತ್ತು.

ನನ್ನ ಮನೆಯಲ್ಲೂ ಅವರು ಗೆದ್ದಿದ್ದರು. ನನ್ನ ಹೆಂಡತಿ ಸುಲ್ತಾನ್ ಬಜಾರಿಗೆ ಹೋಗುವ ದಿನ ಅಂಗಡಿಯ ಕಡೆ ಬರುತ್ತಾಳೆ. ಬಂದವಳು ನನಗೆ ಡಬ್ಬಿ ಕೊಟ್ಟು, ಇನ್ನೊಂದು ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಅವರಿಗೆ ಕೊಡುತ್ತಿದ್ದಳು. ‘ಅಕ್ಕಾರ, ನಿಮ್ಮ ಕೈ ರೊಟ್ಟಿ ತಿಂದ್ರ ನಮ್ಮವ್ವ ನೆನಪಾಗ್ತಾಳ್ರಿ,’ ಎನ್ನುತ್ತಿದ್ದರು. ಮೂವತ್ತೈದು ವರ್ಷ ಅದೇ ರೊಟ್ಟಿ ತಿಂದ ನಾನು ಅಂಥ ಮಾತು ಒಂದನ್ನೂ ಆಡಿರಲಿಲ್ಲ. ಆಡಬೇಕೆಂದು ಹೊಳೆದದ್ದು ಅವರು ಆಡಿದ ಮೇಲೆ. ಆಗ ಆಡಿದರೆ ನಕಲು.

ಆದರೆ ಒಂದು ವಿಷಯದಲ್ಲಿ ನಾನು ಮೇಲಿದ್ದೆ. ನನ್ನ ಕೆಲಸ ರಿಪೇರಿಗೆ ತಿರುಗಿ ಬರುತ್ತಿರಲಿಲ್ಲ. ಅವರು ಹಾಕಿದ ಲೈಟಿನೊಳಗೆ ಮಳೆಗಾಲದಲ್ಲಿ ನೀರು ಹೋಗುತ್ತಿತ್ತು, ಬ್ರಾಕೆಟ್ ತುಕ್ಕು ಹಿಡಿಯುತ್ತಿತ್ತು. ನನ್ನದು ಹಾಗಲ್ಲ. ಲೈಟು ಕೂರಿಸುವ ಕಬ್ಬಿಣದ ಬ್ರಾಕೆಟ್ಟನ್ನು ನಾನೇ ಕತ್ತರಿಸಿ, ಅರದಿಂದ ಉಜ್ಜಿ, ತುಕ್ಕು ತಡೆಯಲು ಒಂದು ಕೈ ರೆಡ್ ಆಕ್ಸೈಡ್, ಅದರ ಮೇಲೆ ಎರಡು ಕೈ ಕಪ್ಪು ಬಣ್ಣ. ಹಿಂದೆ, ಮುಂದೆ, ತೂತಿನ ಒಳಗೂ. ಬರಿ ಕಬ್ಬಿಣ ಎಲ್ಲೂ ಕಾಣಬಾರದು; ಸೈನ್ಯದಲ್ಲಿ ಕಲಿತ ಮೊದಲ ಪಾಠ ಅದು. ‘ಹವಾಲ್ದಾರ್ ಸಾಬ್ ಫಿಟ್ಟಿಂಗ್ ಒಮ್ಮೆ ಮಾಡಿದರೆ ಮುಗಿಯಿತು’ ಎಂದು ಡ್ರೈವರುಗಳು ಹೇಳುತ್ತಿದ್ದರು. ಇದೊಂದು ಮಾತು ಸಾಕಾಗಿತ್ತು ನನಗೆ. ಇದರ ಮೇಲೆ ನಾನು ಹದಿನಾಲ್ಕು ವರ್ಷ ನಿಂತಿದ್ದೆ.

ಈ ಮಾತನ್ನು ನಂಬಿಯೇ ಅಮ್ಮ ತಮ್ಮ ಆರೂ ಶಾಲಾ ವ್ಯಾನುಗಳನ್ನು ನನಗೆ ಕೊಟ್ಟಿದ್ದಾರೆ ಎಂದು ನನ್ನ ತಿಳಿವಳಿಕೆಯಾಗಿತ್ತು. ಅಮ್ಮ ಎಂದರೆ ವ್ಯಾನುಗಳ ಯಜಮಾನಿ, ತೆಲುಗಿನವರು, ನನ್ನ ವಯಸ್ಸಿನವರೇ. ಡ್ರೈವರುಗಳು ಹಾಗೆ ಕರೆಯುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಮೊದಲ ವ್ಯಾನನ್ನು ಸ್ವತಃ ಓಡಿಸಿದ ಹೆಂಗಸು. ಕ್ಲಚ್ಚಿನ ಸದ್ದು ಕೇಳಿ ಯಾವ ಡ್ರೈವರ್ ಎಂದು ಹೇಳಬಲ್ಲರು. ಪ್ರತಿ ಬೇಸಿಗೆ ರಜೆಯಲ್ಲಿ ವ್ಯಾನುಗಳ ಲೈಟಿನ ಕೆಲಸ ನನ್ನದು. ಎದುರಿನವರಿಗೆ ಜನ ಇದ್ದರು, ಹೆಸರಿತ್ತು, ನಗುವಿತ್ತು. ನನಗೆ ಆರು ವ್ಯಾನುಗಳಿದ್ದವು.

ಅವರು ರಾಯಚೂರಿಗೆ ಹೋದ ಮೇಲೆ, ಈ ಮೇ ತಿಂಗಳಲ್ಲಿ, ಆರೂ ವ್ಯಾನುಗಳಿಗೆ ಹಿಂದಿನ ಲೈಟುಗಳನ್ನೆಲ್ಲ ಹೊಸದು ಹಾಕಿದೆ. ಬ್ರೇಕಿನದು, ಇಂಡಿಕೇಟರಿನದು, ರಿವರ್ಸಿನದು. ಬ್ರಾಕೆಟ್ಟುಗಳಿಗೆ ಬಣ್ಣ, ತಂತಿಗಳಿಗೆ ಕಟ್ಟು, ಕೊನೆಗೆ ಮೀಟರ್ ಹಿಡಿದು ಪ್ರತಿಯೊಂದನ್ನೂ ಪರೀಕ್ಷೆ. ಎಲ್ಲ ಸರಿ.

ಶಾಲೆ ಶುರುವಾಗಲು ಹತ್ತು ದಿನವಿದೆ ಎನ್ನುವಾಗ ಮೊದಲ ವ್ಯಾನು ತಿರುಗಿ ಬಂತು. ಬ್ರೇಕ್ ತುಳಿದರೆ ಇಂಡಿಕೇಟರ್ ಮಂದವಾಗಿ ಹೊತ್ತುತ್ತಿತ್ತು. ಮರುದಿನ ಎರಡನೆಯದು: ಇಂಡಿಕೇಟರ್ ಹಾಕಿದರೆ ರಿವರ್ಸ್ ಲೈಟು ಮಿಟುಕುತ್ತಿತ್ತು. ನಾಲ್ಕು ದಿನದಲ್ಲಿ ನಾಲ್ಕು ವ್ಯಾನು. ಅಮ್ಮ ಬಂದರು. ಛತ್ರಿ ಮಡಚಿ ಸ್ಟೂಲಿನ ಮೇಲೆ ಕೂತರು.

‘ಹವಾಲ್ದಾರ್ ಗಾರು, ಬ್ರೇಕ್ ಹಾಕಿದರೆ ಎಡಕ್ಕೆ ತಿರುಗುತ್ತೇನೆ ಅಂತ ತೋರಿಸುತ್ತದೆ ನನ್ನ ಗಾಡಿ. ಒಳಗೆ ಮಕ್ಕಳಿರುತ್ತಾರೆ. ಶಾಲೆ ಶುರುವಾಗುವ ಮುಂಚೆ ಸರಿಹೋಗದಿದ್ದರೆ ಬೇರೆ ಕಡೆ ಒಯ್ಯುತ್ತೇನೆ. ಬೇಜಾರು ಮಾಡಿಕೊಳ್ಳಬಾರದು.’

ಎರಡು ದಿನ ಹುಡುಕಿದೆ. ಮೀಟರಿಟ್ಟ ಕಡೆಯೆಲ್ಲ ಹನ್ನೆರಡು ವೋಲ್ಟ್ ತೋರಿಸುತ್ತಿತ್ತು. ಲೈಟುಗಳೇ ಕಳಪೆ ಎಂದುಕೊಂಡು ಒಂದು ಜೊತೆ ಬದಲಿಸಿ ನೋಡಿದೆ. ಅದೇ ರೋಗ. ಕೊನೆಗೆ, ನನ್ನದೇ ಹಳೆಯ ಕೆಲಸ ಹೇಗಿತ್ತು ನೋಡೋಣ ಎಂದು, ಮೂರು ವರ್ಷದ ಹಿಂದೆ ನಾನು ಹಾಕಿದ, ಒಂದು ದಿನವೂ ಕೈಕೊಡದ ಮುಂದಿನ ಮಂಜಿನ ದೀಪವನ್ನು ಬಿಚ್ಚಿದೆ.

ಬ್ರಾಕೆಟ್ಟಿನ ಕೆಳಗೆ, ಬೋಲ್ಟು ಕೂರುವ ಜಾಗದಲ್ಲಿ, ರೂಪಾಯಿಯಗಲ ಬಣ್ಣ ಕೆರೆದಿತ್ತು. ಕಬ್ಬಿಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ತುಕ್ಕು ಬಾರದಂತೆ ತೆಳುವಾಗಿ ವ್ಯಾಸಲೀನು. ಬ್ರಾಕೆಟ್ ತಾಗುವ ಗಾಡಿಯ ಮೈಯಲ್ಲೂ ಅಷ್ಟೇ ಅಗಲ ಕೆರೆದಿತ್ತು.

ನಾನು ಕೆರೆಯುವವನಲ್ಲ. ಪಕ್ಕದ ದೀಪ ಬಿಚ್ಚಿದೆ. ಅಲ್ಲೂ ಕೆರೆದಿತ್ತು. ಇನ್ನೊಂದು ವ್ಯಾನಿನ ಹಳೆಯ ದೀಪ ಬಿಚ್ಚಿದೆ. ಅಲ್ಲೂ.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಗಾಡಿಯಲ್ಲಿ ಇಂಥ ಲೈಟಿಗೆ ಕರೆಂಟ್ ತರುವ ತಂತಿ ಒಂದೇ. ಕರೆಂಟ್ ಮರಳಿ ಬ್ಯಾಟರಿಗೆ ಹೋಗುವುದು ಬ್ರಾಕೆಟ್ಟಿನ ಮೂಲಕ, ಗಾಡಿಯ ಕಬ್ಬಿಣದ ಮೈಯೊಳಗಿಂದ. ನಡುವೆ ಬಣ್ಣವಿದ್ದರೆ ದಾರಿ ಇಲ್ಲ. ಆಗ ಅದು ಪಕ್ಕದ ಬಲ್ಬಿನೊಳಗೆ ತೂರಿ ಹೋಗುತ್ತದೆ, ಉರಿಯಬಾರದ್ದು ಉರಿಯುತ್ತದೆ. ಸೈನ್ಯದಲ್ಲಿ ನಾನು ಮುಟ್ಟಿದ ದೀಪಗಳಿಗೆ ಮರಳುವ ತಂತಿಯೂ ಬೇರೆ ಇತ್ತು; ಎಷ್ಟು ಬಣ್ಣ ಬಳಿದರೂ ನಡೆಯುತ್ತಿತ್ತು. ಇಲ್ಲಿ ಬೋಲ್ಟಿನ ಹಲ್ಲು ಕಬ್ಬಿಣ ಕಚ್ಚುತ್ತದೆ, ಅಷ್ಟು ಸಾಕು ಎಂದುಕೊಂಡಿದ್ದೆ. ಮೊದಲ ದಿನ ಅಷ್ಟು ಸಾಕಾಗುತ್ತದೆ. ಗಾಡಿ ರಜೆಯ ಬಾಡಿಗೆಗೆ ಓಡಿ ಒಂದೆರಡು ವಾರ ಕುಲುಕಿದ ಮೇಲೆ ಸಾಕಾಗುವುದಿಲ್ಲ. ಮೀಟರಿಗೆ ಎಳೆಯಷ್ಟು ದಾರಿ ಇದ್ದರೂ ಹನ್ನೆರಡು ವೋಲ್ಟೇ. ಬಲ್ಬು ಹಚ್ಚಿ ನೋಡುವವರಿಗೆ ಮಾತ್ರ ಗೊತ್ತಾಗುತ್ತದೆ.

ವ್ಯಾನಿನ ಡ್ರೈವರ್ ಅಲ್ಲೇ ಕುಕ್ಕುರುಗಾಲಲ್ಲಿ ಕೂತು ಚಹಾ ಕುಡಿಯುತ್ತಿದ್ದ. ನಾರಾಯಣಪೇಟೆಯವನು, ನಮ್ಮ ಮಾತು ಬಲ್ಲವನು.

‘ಇದು ಯಾರು ಕೆರೆದದ್ದೋ?’ ಎಂದೆ.

ಅವನು ಚಹಾ ಮುಗಿಸಿದ. ಗ್ಲಾಸು ಕೆಳಗಿಟ್ಟ. ‘ಉಸ್ತಾದ್ ರೀ ಸಾಬ್.’

‘ಯಾವಾಗ?’

‘ಯಾವಾಗಲೂ. ನೀವು ಆರಕ್ಕ ಶಟರ್ ಎಳೀತಿದ್ರಿ. ನಾವು ಒಂದು ಸುತ್ತು ಹಾಕ್ಕೊಂಡು ಆರೂ ಹತ್ತಕ್ಕ ಬರ್ತಿದ್ವಿ. ಅರ್ಧ ತಾಸಿನ ಕೆಲಸ.’

‘ನಿನ್ನ ಗಾಡಿ ಒಂದೇ?’

‘ನೀವು ಲೈಟ್ ಹಾಕಿದ್ದು ಎಲ್ಲಾ.’ ಆಮೇಲೆ ನನ್ನ ಮುಖ ನೋಡಿ, ‘ನಿಮಗ ಗೊತ್ತಿಲ್ಲೇನ್ರಿ? ನಾವು ಗೊತ್ತೈತಿ ಅಂದ್ಕೊಂಡಿದ್ವಿ,’ ಎಂದ.

ಅವನು ಸುಳ್ಳು ಹೇಳುತ್ತಿದ್ದ. ಗೊತ್ತಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಚಹಾದವನಿಗೆ ಗೊತ್ತಿತ್ತು, ಟೈರಿನವನಿಗೆ ಗೊತ್ತಿತ್ತು, ಇಡೀ ಗಲ್ಲಿಗೆ ಗೊತ್ತಿತ್ತು. ಹದಿನಾಲ್ಕು ವರ್ಷ ನಾನು ಯಾವ ಮಾತಿನ ಮೇಲೆ ನಿಂತಿದ್ದೆನೋ ಅದನ್ನು ಆರೂ ಹತ್ತಕ್ಕೆ ಉಸ್ತಾದರು ನಿಜ ಮಾಡಿಕೊಡುತ್ತಿದ್ದರು.

ದೀಪಗಳನ್ನು ಮತ್ತೆ ಜಾಗಕ್ಕೆ ಬಿಗಿದೆ. ಕೆರೆದರೆ ವ್ಯಾನುಗಳು ಸರಿಹೋಗುತ್ತವೆ, ಶಾಲೆ ಶುರುವಾಗಲು ಇನ್ನೂ ಐದು ದಿನವಿದೆ. ಮೊದಲು ಅವರನ್ನು ಕೇಳಬೇಕಿತ್ತು. ಭಾನುವಾರ ಬೆಳಿಗ್ಗೆ ಕಾಚಿಗೂಡದಲ್ಲಿ ರಾಯಚೂರಿನ ರೈಲು ಹತ್ತಿದೆ. ಹೆಂಡತಿ ರೊಟ್ಟಿ ಕಟ್ಟಿಕೊಟ್ಟಳು. ನನಗಲ್ಲ, ಅವರಿಗೆ.

ಮಗಳ ಮನೆಯ ಜಗುಲಿಯಲ್ಲಿ ಕೂತಿದ್ದರು. ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿದ್ದರು. ನನ್ನ ಚಪ್ಪಲಿಯ ಸದ್ದಿಗೇ ಮುಖ ತಿರುಗಿಸಿದರು.

‘ಹವಾಲ್ದಾರ್ ಸಾಬ್ರ ಹೆಜ್ಜಿ! ಏನ್ರಿ, ಅಂಗಡಿ ಬಂದ್ ಮಾಡಿ ಬಂದೀರಿ? ಆರು ಗಂಟಿ ಆತೇನು?’

‘ಇವತ್ತು ಭಾನುವಾರ.’ ರೊಟ್ಟಿಯ ಗಂಟನ್ನು ಅವರ ಕೈಗೆ ಕೊಟ್ಟೆ. ಕೂರಲಿಲ್ಲ. ‘ನನ್ನ ಬ್ರಾಕೆಟ್ಟಿನ ಬಣ್ಣ ಕೆರೀತಿದ್ರಂತ.’

ಗಂಟನ್ನು ತೊಡೆಯ ಮೇಲಿಟ್ಟುಕೊಂಡರು. ‘ಹೇಳಿದ್ರಾ? ಯಾವ ಮಗ ಹೇಳಿದ?’

‘ಯಾರರ ಹೇಳಲಿ. ನೀವ್ಯಾಕ ನನಗ ಹೇಳಲಿಲ್ಲ?’

‘ಹೇಳೀನ್ರಿ. ಮೊದಲನೇ ವರ್ಷ. ಸಾಬ್ರ, ಬೋಲ್ಟಿನ ತೆಳಗ ಬಣ್ಣ ಬ್ಯಾಡ್ರಿ, ಅರ್ಥಿಂಗ್ ಸಿಗಂಗಿಲ್ಲ ಅಂದೆ. ನಾಕು ಮಂದಿ ಗಿರಾಕಿ ಮುಂದ ನೀವು ಅಂದ್ರಿ, ಹಲ್ಲಿಲೆ ವೈರ್ ಸುಲಿಯೋರು ನನಗ ಪಾಠ ಹೇಳಬ್ಯಾಡ್ರಿ ಅಂತ. ಎರಡು ತಿಂಗಳು ಮಾತು ಬಿಟ್ರಿ.’

ನನಗೆ ನೆನಪಿರಲಿಲ್ಲ. ಅವರು ಹೇಳಿದ ಮೇಲೆ ನೆನಪಾಯಿತು; ನಾನು ಹಾಗೆ ಅನ್ನುವವನೇ. ಕೂತೆ.

‘ಅದಕ್ಕ ನನ್ನ ಹೆಸರು ಉಳಿಸಾಕ ಹಿಂಗ ಮಾಡಿದ್ರಿ?’

ಅವರು ನಕ್ಕರು. ಮಗಳು ಒಳಗಿನಿಂದ ಇಣುಕಿ ನೋಡುವಷ್ಟು ನಕ್ಕರು.

‘ನಿಮ್ಮ ಹೆಸರು ತಗೊಂಡು ನಾ ಏನು ಮಾಡ್ಲಿ? ಹೊಟ್ಟಿ ಉರೀತಿತ್ತು ಸಾಬ್ರ. ನೀವು ವೈರ್ ಕಟ್ಟೋದು ನೋಡಿ ಹೊಟ್ಟಿ ಉರೀತಿತ್ತು. ಹೆಣ್ಮಕ್ಕಳ ಜಡಿ ಹೆಣೆದಂಗ ಕಟ್ಟತಿದ್ರಿ. ನಾ ಮನ್ಯಾಗ ಕುಂತು ಕಲ್ಯಾಕ ನೋಡಿದೆ, ಬರಲಿಲ್ಲ. ಡ್ರೈವರ್ ಮಂದಿ ನನ್ನ ಕಟ್ಟಿ ಮ್ಯಾಲೇ ಕುಂತು, ಕೆಲಸ ಅಂದ್ರ ಹವಾಲ್ದಾರ್ ಸಾಬಂದು ಅಂತಿದ್ರು. ಹಂಗ ಅಂದಾಗೊಮ್ಮೆ ನಾ ಬೋಲ್ಟ್ ಬಿಚ್ಚಿ ತೋರಸ್ತಿದ್ದೆ. ನೋಡ್ರಪಾ ನಿಮ್ಮ ಸಾಬನ ಕೆಲಸ ಅಂತ. ಭಾಳ ತಂಪಾಗ್ತಿತ್ತು.’

‘ಎಲ್ಲಾ ಡ್ರೈವರ್‌ಗಳಿಗೂ?’

‘ಎಲ್ಲಾರಿಗೂ. ಒಬ್ಬನೂ ನಿಮಗ ಹೇಳಲಿಲ್ಲ ನೋಡ್ರಿ. ನಿಮ್ಮ ಮ್ಯಾಲ ಅಷ್ಟು ಅಂಜಿಕಿ.’ 

ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟರು. ಇಬ್ಬರೂ ತಿಂದೆವು. ಅವರಿಗೆ ಬಿಸಿಲು ಜಾಸ್ತಿಯಾಯಿತು, ನಾನು ಅವರ ಕುರ್ಚಿಯನ್ನು ನೆರಳಿಗೆ ಸರಿಸಿದೆ.

ಮರಳುವ ರೈಲಿನಲ್ಲಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅವರಿಗೂ ಉರಿದಿತ್ತು! ಹದಿನಾಲ್ಕು ವರ್ಷ, ನನ್ನ ತಂತಿಯ ಕಟ್ಟಿಗಾಗಿ! ಮಹಬೂಬ್‌ನಗರದವರೆಗೆ ಕಿಟಕಿಯಲ್ಲಿ ಕೂತು ಒಬ್ಬನೇ ನಗುತ್ತಿದ್ದೆ. ಅಲ್ಲಿಂದಾಚೆ ಒಂದು ಅನುಮಾನ ಹತ್ತಿತು. ತಮಾಷೆಗೆ ತೋರಿಸುವುದಾದರೆ ಒಂದು ಬೋಲ್ಟು ಸಾಕು. ಅವರು ಪ್ರತಿ ವ್ಯಾನಿನ ಪ್ರತಿ ದೀಪ ಕೆರೆದಿದ್ದರು, ವ್ಯಾಸಲೀನು ಹಚ್ಚಿದ್ದರು, ಮತ್ತೆ ನನ್ನ ಹಾಗೆಯೇ ಬಿಗಿದಿದ್ದರು. ಉರಿಯೆಂದು ಹೇಳಿದ್ದು ನನ್ನ ಸಮಾಧಾನಕ್ಕೆ ಇರಬಹುದೇ? ಹಾಗಿದ್ದರೆ ಅಲ್ಲೂ ಅವರೇ ಗೆದ್ದರು. ಎರಡರಲ್ಲಿ ಯಾವುದು ನಿಜ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಉರಿ ಎಂಬುದೇ ನಿಜವಾಗಿರಲಿ ಎಂದು ಆಸೆಪಡುತ್ತೇನೆ.

ಸೋಮವಾರದಿಂದ ಬುಧವಾರದವರೆಗೆ ಆರೂ ವ್ಯಾನುಗಳನ್ನು ಬಿಚ್ಚಿದೆ. ನನ್ನ ಕೈಯಿಂದಲೇ ಬಳಿದ ಬಣ್ಣವನ್ನು ನನ್ನ ಕೈಯಿಂದಲೇ ಕೆರೆದೆ. ಮೂರು ದಿನವೂ ಏಳೂವರೆಯವರೆಗೆ ಅಂಗಡಿ ತೆರೆದಿತ್ತು. ಚಹಾದವನು ಬಂದು ನೋಡಿದ, ಚಹಾ ಇಟ್ಟು ಹೋದ.

ಗುರುವಾರ ಅಮ್ಮ ಬಂದರು. ಒಬ್ಬೊಬ್ಬ ಡ್ರೈವರಿಗೂ ಬ್ರೇಕ್ ತುಳಿಸಿ, ಇಂಡಿಕೇಟರ್ ಹಾಕಿಸಿ, ರಿವರ್ಸ್ ಹಾಕಿಸಿ, ಹಿಂದೆ ನಿಂತು ನೋಡಿದರು. ಎಲ್ಲ ಸರಿಯಿತ್ತು.

‘ನಿಮ್ಮ ಕೆಲಸ ಅಂದರೆ ನಿಮ್ಮ ಕೆಲಸವೇ,’ ಎಂದರು.

ಡ್ರೈವರುಗಳು ಸಾಲಾಗಿ ನಿಂತಿದ್ದರು. ಒಬ್ಬನೂ ನನ್ನ ಮುಖ ನೋಡುತ್ತಿರಲಿಲ್ಲ. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಡ್ರೈವರುಗಳು ಮುಂದೆಯೂ ಹೇಳುತ್ತಿರಲಿಲ್ಲ.

‘ಇಷ್ಟು ವರ್ಷ ಇದು ನನ್ನೊಬ್ಬನ ಕೆಲಸ ಆಗಿರಲಿಲ್ಲ ಅಮ್ಮಾ,’ ಎಂದೆ. ಮುಚ್ಚಿದ ಶಟರಿನ ಕಡೆ ಕೈ ತೋರಿಸಿ, ಎಲ್ಲವನ್ನೂ ಹೇಳಿದೆ. ಬಣ್ಣ, ಬೋಲ್ಟು, ಆರೂ ಹತ್ತು.

‘ತೆಲುಸಂಡಿ,’ ಎಂದರು ಅಮ್ಮ. ಗೊತ್ತಿದೆ ಎಂದರು, ಅಷ್ಟು ಸಹಜವಾಗಿ.

‘ಗೊತ್ತಿತ್ತೇ?’

‘ನಾನೂ ಗಾಡಿ ಓಡಿಸಿದವಳು. ನಿಮಗೆ ಗಾಡಿ ಕೊಟ್ಟದ್ದೇ ಎದುರಿಗೆ ಅವರಿದ್ದಾರೆ ಅಂತ. ನಿಮ್ಮ ಕೈ, ಅವರ ಕಣ್ಣು. ಎರಡೂ ಒಂದೇ ಗಲ್ಲಿಯಲ್ಲಿ ಸಿಕ್ಕರೆ ಯಾರು ಬಿಡುತ್ತಾರೆ?’ ಛತ್ರಿ ಬಿಚ್ಚಿದರು. ‘ಈಗ ನೀವೊಬ್ಬರೇ. ಈ ವರ್ಷ ನೋಡುತ್ತೇನೆ.’

ಅರವತ್ತಾರನೆಯ ವಯಸ್ಸಿನಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದವನ ಹಾಗೆ, ಸರಿ ಅಮ್ಮಾ ಎಂದೆ.

ಅಂದು ಸಂಜೆ ರಾಯಚೂರಿಗೆ ಫೋನು ಮಾಡಿದೆ. ವ್ಯಾನುಗಳು ಸರಿಹೋದವು ಎಂದೆ. ಅಮ್ಮ ಹೇಳಿದ ಮಾತನ್ನೂ, ಹೇಳಬೇಕೋ ಬೇಡವೋ ಎಂದು ಎರಡು ಸಲ ಯೋಚಿಸಿ, ಹೇಳಿದೆ.

ಅವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ ಸದ್ದಾಯಿತು.

‘ಏನಂದ್ರಂತ್ರಿ ಅಮ್ಮ? ಇನ್ನೊಮ್ಮೆ ಹೇಳ್ರಿ.’

‘ನಿಮ್ಮ ಕೈ, ಅವರ ಕಣ್ಣು ಅಂದ್ರು.’

‘ನನ್ನ ಕಣ್ಣು ಅಂದ್ರಾ! ಏ ತಂಗಿ, ಇಲ್ಲಿ ಬಾ, ಕೇಳಿಲ್ಲಿ. ಸಾಬ್ರ, ನನ್ನ ಮಗಳು ಬಂದಾಳ. ಇನ್ನೊಮ್ಮೆ ಹೇಳ್ರಿ, ಜೋರಾಗಿ.’

ಎರಡು ಸಲ ಹೇಳಿದ್ದೆ. ಮೂರನೆಯ ಸಲಕ್ಕೆ ಫೋನು ಇಟ್ಟೆ.